45 ಸಾವಿರದೊಳಗೆ ಮೀಡಿಯಂ ಫಾರ್ಮ್ಯಾಟ್: ಯಾವ ಕ್ಯಾಮೆರಾ ತಗೊಳ್ಳಲಿ?

ಅಡಿಕೆಹಾಳೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ 35 ಎಂಎಂ ಫಿಲ್ಮಿನಲ್ಲಿ ಫೋಟೋ ತೆಗೆಯುತ್ತಿದ್ದೇನೆ. ನಿಕಾನ್ ಎಫ್‌ಎಂ2, 50 ಎಂಎಂ ಲೆನ್ಸ್, ಬೇರೇನೂ ಇಲ್ಲ. ಕಪ್ಪು-ಬಿಳುಪು ರೋಲು ತೊಳೆಯುವುದು ಮನೆಯ ಬಚ್ಚಲಲ್ಲೇ, ಪ್ರಿಂಟು ಹಾಕುವುದೂ ಅಲ್ಲೇ.

ಯಕ್ಷಗಾನದ ಮೂರು ತಿರುಗಾಟದಿಂದ (ಮೂರು ಸೀಸನ್) ಒಂದೇ ಕೆಲಸ ಹಚ್ಚಿಕೊಂಡಿದ್ದೇನೆ. ನಮ್ಮ ಕಡೆ ಮೇಳ ಬಂದಾಗಲೆಲ್ಲ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚುವ ಜಾಗದಲ್ಲಿ ಕೂತು, ವೇಷ ಕಟ್ಟಿಕೊಳ್ಳುವವರ ಚಿತ್ರ ತೆಗೆಯುವುದು. 8x10 ಇಂಚಿನವರೆಗೆ ಚೆನ್ನಾಗಿಯೇ ಬರುತ್ತದೆ. 16 ಇಂಚಿಗೆ ಹಿಗ್ಗಿಸಿದರೆ ಮುಖದ ಮೇಲೆ ರವೆ ಚೆಲ್ಲಿದ ಹಾಗೆ. ಹೋದ ವರ್ಷ ತೆಂಕುತಿಟ್ಟಿನ ಮೇಳವೊಂದು ಬಂದಿತ್ತು, ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿಯ ಫೋಟೋ ತೆಗೆದಿದ್ದೆ. ಅಕ್ಕಿಹಿಟ್ಟಿನ ಒಂದೊಂದು ಮುಳ್ಳೂ ಕಾಣಬೇಕಾದ ಜಾಗದಲ್ಲಿ ಬಿಳಿ ಮುದ್ದೆ ಕಂಡಿತು. ಆವತ್ತೇ ತೀರ್ಮಾನ ಮಾಡಿದೆ, ದೊಡ್ಡ ನೆಗೆಟಿವ್ ಬೇಕು, ಅಂದರೆ ಮೀಡಿಯಂ ಫಾರ್ಮ್ಯಾಟ್.

ಕೈಯಲ್ಲಿರುವುದು 45,000. ಮನೆಯಲ್ಲಿ ಇಷ್ಟಕ್ಕೇ ಒಪ್ಪಿಗೆ ಸಿಕ್ಕಿದ್ದು. ಮಾಮಿಯಾ ಆರ್‌ಬಿ67, ಮಾಮಿಯಾ 645, ಬ್ರೋನಿಕಾ ಇಟಿಆರ್‌ಎಸ್ ಅಥವಾ ಎಸ್‌ಕ್ಯೂ-ಎ, ಯಾಷಿಕಾ ಮ್ಯಾಟ್ 124ಜಿ, ಇಷ್ಟು ಮನಸ್ಸಿನಲ್ಲಿವೆ. ಹ್ಯಾಸೆಲ್‌ಬ್ಲಾಡ್ ಬಗ್ಗೆ ಕೇಳುವುದಿಲ್ಲ, ಅದನ್ನು ಚಿತ್ರದಲ್ಲಿ ನೋಡಿ ಖುಷಿಪಡಲು ದುಡ್ಡು ಬೇಡವಲ್ಲ. ಒಲವು ಆರ್‌ಬಿ67 ಕಡೆಗಿದೆ. ಬಲ್ಲವರು ಹೇಳಿ.

ಹನ್ನೆರಡನೇ ಫ್ರೇಮು (ತುಮಕೂರು)

ಮೊದಲು ಅಳತೆಯ ಲೆಕ್ಕ. ಇವೆಲ್ಲ ತಿನ್ನುವುದು ಒಂದೇ ಅಗಲದ ಫಿಲ್ಮು, 120 ರೋಲು. ಆದರೆ ಒಂದೊಂದು ಕ್ಯಾಮೆರಾ ಒಂದೊಂದು ಉದ್ದಕ್ಕೆ ಕತ್ತರಿಸಿ ತಿನ್ನುತ್ತದೆ. 645ರಲ್ಲಿ (6x4.5 ಸೆಂಮೀ: ಮಾಮಿಯಾ 645, ಇಟಿಆರ್‌ಎಸ್) 15 ಅಥವಾ 16 ಚಿತ್ರ, 6x6ರಲ್ಲಿ (ಎಸ್‌ಕ್ಯೂ-ಎ, ಯಾಷಿಕಾ) 12, 6x7ರಲ್ಲಿ (ಆರ್‌ಬಿ67) 10. ನಿಮ್ಮ 35 ಎಂಎಂ ನೆಗೆಟಿವ್ 24x36 ಮಿಮೀ. 645ರದ್ದು ನಿಜವಾದ ಅಳತೆಯಲ್ಲಿ 56x41.5, ಅಂದರೆ ಅದರ 2.7 ಪಟ್ಟು. 6x6 ಮೂರೂವರೆ ಪಟ್ಟು ದಾಟುತ್ತದೆ, 6x7 ನಾಲ್ಕೂವರೆ.

ಈಗ ದುಡ್ಡಿನ ಲೆಕ್ಕ. ನಾನು ಇಲ್‌ಫರ್ಡ್‌ನ ಕಪ್ಪು-ಬಿಳುಪು ಫಿಲ್ಮು ಎಚ್‌ಪಿ5 ರೋಲಿಗೆ ಸಾವಿರದ ಆಸುಪಾಸು ಕೊಡುತ್ತಿದ್ದೇನೆ. ಆರ್‌ಬಿ67ರಲ್ಲಿ ಒಂದು ಸಲ ಒತ್ತಿದರೆ ನೂರು ರೂಪಾಯಿ ಹೋಯಿತು. 6x6ರಲ್ಲಿ 83, 645ರಲ್ಲಿ 65. ತಿಂಗಳಿಗೆ ಎರಡು ರೋಲು ಅಂದರೂ ವರ್ಷಕ್ಕೆ 24,000 ಬರೀ ಫಿಲ್ಮಿಗೆ. 45 ಸಾವಿರವನ್ನೂ ಕ್ಯಾಮೆರಾಕ್ಕೇ ಸುರಿದರೆ ಆಮೇಲೆ ಅದರೊಳಗೆ ಏನು ಹಾಕುತ್ತೀರಿ? ನನ್ನ ಮಾತು ಕೇಳುವುದಾದರೆ ಕ್ಯಾಮೆರಾಕ್ಕೆ 25, ಹೆಚ್ಚೆಂದರೆ 28. ಉಳಿದದ್ದು ಫಿಲ್ಮು, ರಿಪೇರಿ.

ಎರಡು ಪ್ರಶ್ನೆ. ಚೌಕಿಯಲ್ಲಿ ಟ್ರೈಪಾಡ್ ಇಡಲು ಜಾಗ ಇದೆಯಾ? ಬೆಳಕು ಎಷ್ಟು?

ಅಡಿಕೆಹಾಳೆ

ಜಾಗ ಅಂದರೆ ಎರಡು ಪೆಟ್ಟಿಗೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂರುವಷ್ಟು. ಟ್ರೈಪಾಡ್‌ನ ಮೂರನೇ ಕಾಲು ಯಾರದೋ ಕನ್ನಡಿಗೆ ತಾಗುತ್ತದೆ. ಎಲ್ಲೋ ಕೆಲವು ಕಡೆ ಮೂಲೆಯಲ್ಲಿ ಜಾಗ ಸಿಗುತ್ತದೆ. ಬೆಳಕು ಪ್ರತಿ ಕಲಾವಿದನ ಮುಂದೆ ಒಂದು ಬಲ್ಬು. 400ರ ಫಿಲ್ಮಿಗೆ ಲೆನ್ಸ್ ಎಫ್ 2.8ಕ್ಕೆ ತೆರೆದು, ಶಟರ್ 1/30 ಸೆಕೆಂಡು. ಒಮ್ಮೊಮ್ಮೆ 1/15. ಫ್ಲ್ಯಾಶ್ ಹಾಕುವುದಿಲ್ಲ, ಹಾಕಿದರೆ ಎರಡನೇ ಸಲ ಒಳಗೆ ಬಿಡುವುದೂ ಇಲ್ಲ.

ಕುಡ್ಲದ ಕಡಲು (ಮಂಗಳೂರು)

ಹಾಗಾದ್ರೆ ಆರ್‌ಬಿ67 ಬಿಟ್ಟುಬಿಡಿ ಮಾರಾಯ್ರೆ! ನನ್ನ ಹತ್ರ ಉಂಟು ಅದು. ಕ್ಯಾಮೆರಾ ಅಲ್ಲ, ಅಕ್ಕಿ ಮೂಟೆ. ಲೆನ್ಸ್ ಸೇರಿ ಎರಡೂವರೆ ಕೆಜಿ ದಾಟ್ತದೆ. ಒಂದು ಲಿವರ್ ಎಳೆದರೆ ಕನ್ನಡಿ ಮತ್ತೆ ಶಟರ್ ತಯಾರು, ಇನ್ನೊಂದು ಎಳೆದರೆ ಫಿಲ್ಮ್ ಮುಂದೆ, ಆಮೇಲೆ ಫಿಲ್ಮಿಗೆ ಬೆಳಕು ತಾಗದ ಹಾಗೆ ಮುಚ್ಚುವ ತಗಡು, ಡಾರ್ಕ್ ಸ್ಲೈಡ್, ತೆಗೀಬೇಕು. ಕನ್ನಡಿ ಏಳುವಾಗ ಇಡೀ ಚೌಕಿ ತಿರುಗಿ ನೋಡ್ತದೆ. ಸ್ಟುಡಿಯೋದಲ್ಲಿ ಸ್ಟ್ಯಾಂಡಿನ ಮೇಲೆ ಇಟ್ಟರೆ ಅದರಂಥ ಕ್ಯಾಮೆರಾ ಇಲ್ಲ. ಬ್ಯಾಟರಿ ಬೇಡ, ಹಿಂಬದಿ ತಿರುಗಿಸಿದರೆ ಅಡ್ಡ ಚಿತ್ರ ಉದ್ದ ಆಗ್ತದೆ, ಬೆಲ್ಲೋಸ್ (ಲೆನ್ಸನ್ನು ಮುಂದೆ ಹಿಂದೆ ಮಾಡುವ ಮಡಿಕೆ ಚೀಲ) ಇರುವ ಕಾರಣ ಕಣ್ಣಿನ ರೆಪ್ಪೆ ತನಕ ಹತ್ತಿರ ಹೋಗ್ಬಹುದು. ಆದ್ರೆ ನೆಲದಲ್ಲಿ ಕೂತು 1/30ರಲ್ಲಿ ಕೈಯಲ್ಲಿ ಹಿಡಿದು ತೆಗೆಯುದಾ? ನನ್ನಿಂದ ಆಗ್ಲಿಲ್ಲ.

ಮತ್ತೆ ಚುಟ್ಟಿ ಇಡ್ಲಿಕ್ಕೆ ಗಂಟೆಗಟ್ಟಲೆ ಆಗ್ತದೆ, ನಿಮಗೆ ಗೊತ್ತುಂಟಲ್ಲ. ಅಷ್ಟು ಹೊತ್ತು ಅವರ ಎದುರು ಇಂಥದ್ದು ಹಿಡ್ಕೊಂಡು ಕೂತ್ರೆ ಅವರಿಗೂ ಕಿರಿಕಿರಿ.

ಬೋರ್‌ವೆಲ್ ನೀರು (ಬೆಂಗಳೂರು)

ಕನ್ನಡಿ ಏಳುವ ವಿಷಯ ಬಂದದ್ದು ಒಳ್ಳೆಯದಾಯಿತು. ಇಲ್ಲಿ ಯಾರಾದರೂ ಪೆಂಟಾಕ್ಸ್ 67 ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ: 105 ಎಂಎಂ ಎಫ್ 2.4 ಲೆನ್ಸಿನ ಚಿತ್ರಗಳನ್ನು ನೋಡಿ ಎಲ್ಲರೂ ಮರುಳಾಗುತ್ತಾರೆ, ನಾನೂ ಆಗಿದ್ದೆ. ಆದರೆ ಅದರ ಕನ್ನಡಿ, ಶಟರ್ ಎರಡೂ ದೊಡ್ಡವು, 1/30ರಲ್ಲಿ ಕೈಯಲ್ಲಿ ಹಿಡಿದರೆ ಜಗ್ಗುತ್ತದೆ. ಬೆಲೆಯೂ ಈಗ ನಿಮ್ಮ ಅಂದಾಜಿನ ಆಚೆ.

ಕನ್ನಡಿ ಏಳುವ ಎಸ್‌ಎಲ್‌ಆರ್ ಬೇಕೇ ಬೇಕು ಅಂದರೆ ಮಾಮಿಯಾ ಎಂ645 1000ಎಸ್. ನಾನು ಎಂಟು ವರ್ಷ ಅದರಲ್ಲೇ ಕೆಲಸ ಮಾಡಿದೆ. 80 ಎಂಎಂ ಎಫ್ 2.8 ಲೆನ್ಸ್ ನಿಮ್ಮ 50ರ ಹಾಗೆಯೇ ಕಾಣುತ್ತದೆ, ಎಫ್ 1.9 ಕೂಡ ಇದೆ, ಅದು ದುಬಾರಿ. ಎರಡು ಸಂಗತಿ ತಿಳಿದಿರಲಿ. ಒಂದು, ಬ್ಯಾಟರಿ ಸತ್ತರೆ ಕ್ಯಾಮೆರಾವೂ ಸತ್ತಂತೆ. ಎರಡು, ರೋಲಿನ ನಡುವೆ ಫಿಲ್ಮ್ ಬದಲಿಸಲು ಬರುವುದಿಲ್ಲ, ಫಿಲ್ಮ್ ಇರುವ ಬ್ಯಾಕನ್ನೇ ಬಿಚ್ಚುವ ಸೌಲಭ್ಯ ಬಂದದ್ದು ಆಮೇಲಿನ 645 ಸೂಪರ್‌ನಲ್ಲಿ. ಬ್ರೋನಿಕಾ ಇಟಿಆರ್‌ಎಸ್‌ಗೆ ಬ್ಯಾಕ್ ಬಿಚ್ಚಬಹುದು, ಶಟರ್ ಲೆನ್ಸಿನೊಳಗೇ ಇದೆ, ಬ್ಯಾಟರಿ ಹೋದರೆ 1/500 ಒಂದು ವೇಗ ಮಾತ್ರ ಉಳಿಯುತ್ತದೆ. ನಿಮ್ಮ ಚೌಕಿಗೆ 1/500 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನೊಂದು ಕೇಳಬೇಕಿತ್ತು. ಪ್ರಿಂಟ್ ಹಿಗ್ಗಿಸುವ ನಿಮ್ಮ ಎನ್‌ಲಾರ್ಜರ್ ಯಾವುದು?

ಅಡಿಕೆಹಾಳೆ

ಅಯ್ಯೋ. ಅದು 35 ಎಂಎಂಗೆ ಮಾತ್ರ. ಇದನ್ನು ಯೋಚನೆಯೇ ಮಾಡಿರಲಿಲ್ಲ ಅಕ್ಕ.

ಬೋರ್‌ವೆಲ್ ನೀರು

ಅದಕ್ಕೇ ಕೇಳಿದೆ. ಎಷ್ಟೋ ಜನ ಕ್ಯಾಮೆರಾ ಮನೆಗೆ ತಂದ ಮೇಲೆ ಇಲ್ಲಿ ಎಡವುತ್ತಾರೆ. 6x6ಕ್ಕೆ ಬೇರೆ ನೆಗೆಟಿವ್ ಕ್ಯಾರಿಯರ್, ಬೇರೆ ಕಂಡೆನ್ಸರ್, 75 ಅಥವಾ 80 ಎಂಎಂ ಎನ್‌ಲಾರ್ಜರ್ ಲೆನ್ಸ್ ಬೇಕು. 6x7 ಅಂದರೆ ಎನ್‌ಲಾರ್ಜರ್ ಇನ್ನೂ ದೊಡ್ಡದು. ಸ್ಕ್ಯಾನ್ ಮಾಡುತ್ತೀರಾದರೆ ಎಪ್ಸನ್ ವಿ600 ಥರದ್ದು 120 ನೆಗೆಟಿವನ್ನು ಓದುತ್ತದೆ, ಅಗ್ಗದ ಫ್ಲ್ಯಾಟ್‌ಬೆಡ್‌ಗಳಲ್ಲಿ ಹೆಚ್ಚಿನವು ಓದುವುದಿಲ್ಲ. ಮೊದಲ ಆರು ತಿಂಗಳು ನೆಗೆಟಿವನ್ನು ಕಾಗದದ ಮೇಲೇ ಇಟ್ಟು ಮಾಡುವ ಕಾಂಟ್ಯಾಕ್ಟ್ ಪ್ರಿಂಟ್ ಸಾಕು. 6x6ರ ಕಾಂಟ್ಯಾಕ್ಟ್ ಅಂದರೆ ಎರಡೂಕಾಲು ಇಂಚಿನ ಚಿತ್ರ, ಅಂಗೈಯಲ್ಲಿಟ್ಟುಕೊಂಡು ನೋಡಬಹುದು, ಭೂತಗನ್ನಡಿ ಬೇಡ. ಗಾಜಿನ ತುಂಡು, ಬಲ್ಬು, ಕಾಗದ, ಅಷ್ಟೇ ಖರ್ಚು.

ಧಾರವಾಡ ಮಳಿ (ಧಾರವಾಡ)

ಎಲ್ಲಾರೂ ಫಿಲ್ಮ್ ಫಿಲ್ಮ್ ಅನ್ನಾಕತ್ತೀರಿ. ಡಿಜಿಟಲ್ ಯಾಕ ಬ್ಯಾಡ್ರಿ? ಫ್ಯೂಜಿ ಜಿಎಫ್‌ಎಕ್ಸ್ 50ಆರ್ ಹಳೇದು ಸಿಕ್ಕರ ಜೀವನಪೂರ್ತಿ ರೋಲಿನ ಖರ್ಚ ಇಲ್ಲ.

ಹನ್ನೆರಡನೇ ಫ್ರೇಮು

@ಧಾರವಾಡ ಮಳಿ, ಅದರ ಲೆನ್ಸ್ ಒಂದರ ಬೆಲೆಗೆ ಇವರ ಇಡೀ 45 ಸಾವಿರ ಸಾಲುವುದಿಲ್ಲ. ಮೇಲಾಗಿ ಅದರ ಸೆನ್ಸರ್ 44x33 ಮಿಮೀ, 645 ಫಿಲ್ಮಿಗಿಂತ ಚಿಕ್ಕದು. ಚಿತ್ರ ಅದ್ಭುತ, ಒಪ್ಪುತ್ತೇನೆ. ಆದರೆ ಅವರು ಕೇಳಿದ್ದು ಅದನ್ನಲ್ಲ.

ಧಾರವಾಡ ಮಳಿ

ಆತ್ ಬಿಡ್ರಿ, ಸುಮ್ನ ಕೂತು ಓದ್ತೀನಿ.

ಕೆಂಪುಬಲ್ಬು (ಮೈಸೂರು)

ನೋಡಪ್ಪಾ ಅಡಿಕೆಹಾಳೆ, ನಾನು ಸ್ಟುಡಿಯೋ ಇಟ್ಟಿದ್ದವನು. ಮದುವೆ, ನಾಮಕರಣ, ಪಾಸ್‌ಪೋರ್ಟ್, ಒಮ್ಮೊಮ್ಮೆ ತೀರಿಹೋದವರ ಕೊನೇ ಫೋಟೋ. ಮೂವತ್ತು ವರ್ಷ ಎರಡು ಕಣ್ಣಿನ ಕ್ಯಾಮೆರಾದಲ್ಲೇ ದುಡಿದೆ, ನೀವೆಲ್ಲ ಟಿಎಲ್‌ಆರ್ ಅನ್ನುತ್ತೀರಲ್ಲ, ಅದೇ. ಮೊದಲು ಯಾಷಿಕಾ 635, ಆಮೇಲೆ ಮ್ಯಾಟ್. ಫಿಲ್ಮು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ಇಂದು. ನಿಮ್ಮಜ್ಜನ ಆಲ್ಬಮ್ ತೆಗೆದು ನೋಡು, ಅಂಚು ಬಿಳಿ ಇರುವ ಚೌಕದ ಫೋಟೋ ಇದ್ದರೆ ಅದು ನಮ್ಮಂಥವರು ತೆಗೆದದ್ದು, ಇಲ್ಲಾ ಮನೆಯಲ್ಲೇ ಯಾರೋ ಆಗ್ಫಾ ಕ್ಲಿಕ್ 3ರಲ್ಲಿ ತೆಗೆದದ್ದು. ಬರೋಡಾದಲ್ಲಿ ತಯಾರಾಗುತ್ತಿತ್ತು ಅದು, 120 ರೋಲು, 12 ಚೌಕ. ನೀವು ಈಗ ಏನೋ ಹೊಸದು ಹುಡುಕುತ್ತಿದ್ದೀರಿ ಅಂದುಕೊಂಡಿದ್ದೀರಿ.

ಎರಡು ಕಣ್ಣಿನದರಲ್ಲಿ ಮೇಲಿನ ಲೆನ್ಸು ನಿನಗೆ, ಕೆಳಗಿನದು ಫಿಲ್ಮಿಗೆ. ಕನ್ನಡಿ ಕದಲುವುದೇ ಇಲ್ಲ. ಶಟರ್ ಸದ್ದು ಚಿಟಿಕೆ ಹೊಡೆದಷ್ಟೂ ಇಲ್ಲ. ಹೊಟ್ಟೆಗೆ ಆನಿಸಿಕೊಂಡು, ಪಟ್ಟಿ ಕುತ್ತಿಗೆಗೆ ಬಿಗಿಯಾಗಿ ಎಳೆದು ಹಿಡಿದರೆ 1/15ರಲ್ಲೂ ಅಲ್ಲಾಡುವುದಿಲ್ಲ, ಉಸಿರು ಬಿಟ್ಟ ಮೇಲೆ ಒತ್ತಬೇಕು. ಇನ್ನೊಂದು ಇದೆ, ಅದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ನೀನು ತಲೆ ತಗ್ಗಿಸಿ ನೋಡುತ್ತೀಯಲ್ಲ, ಎದುರಿಗಿದ್ದವರಿಗೆ ನೀನು ನಮಸ್ಕಾರ ಮಾಡುತ್ತಿರುವ ಹಾಗೆ ಕಾಣುತ್ತದೆ. ಮುಖಕ್ಕೆ ಕ್ಯಾಮೆರಾ ಅಡ್ಡ ಹಿಡಿದವನ ಎದುರು ಬಿಗಿಯಾಗುವ ಅಜ್ಜಿಯಂದಿರು ಇದರ ಎದುರು ಸಡಿಲವಾಗುತ್ತಿದ್ದರು.

ನೆಲದಲ್ಲಿ ಕೂತು ತೆಗೆಯುವವನಿಗೆ ಇದಲ್ಲದೆ ಬೇರೆ ಯಾವುದಪ್ಪ?

ಅಡಿಕೆಹಾಳೆ

ಸರ್, ಹಾಗಾದರೆ ಯಾಷಿಕಾ ಮ್ಯಾಟ್ 124ಜಿ ಅಂತೀರಾ? ಅದಕ್ಕೆ ಬೆಳಕು ಅಳೆಯುವ ಮೀಟರ್ ಬೇರೆ ಇದೆ.

ಕೆಂಪುಬಲ್ಬು

ಮೀಟರ್ ಇದ್ದದ್ದು ಅಂತ ಹೇಳು. ಅದಕ್ಕೆ ಹಾಕುತ್ತಿದ್ದ ಪಾದರಸದ ಸೆಲ್ಲು ಈಗ ಬರುವುದಿಲ್ಲ, ಬೇರೆ ಸೆಲ್ಲು ಹಾಕಿದರೆ ವೋಲ್ಟೇಜು ಬೇರೆ, ಮುಳ್ಳು ಸುಳ್ಳು ಹೇಳುತ್ತದೆ. ಮೀಟರಿಗೆ ಒಂದು ಪೈಸೆಯೂ ಹೆಚ್ಚಿಗೆ ಕೊಡಬೇಡ. ಮೊಬೈಲಲ್ಲೇ ಅಳೆಯುತ್ತೀರಲ್ಲ ಈಗ. ಕ್ಯಾಮೆರಾ ಮಾತ್ರ ಚೊಕ್ಕ: ನಾಲ್ಕು ಗಾಜಿನ ಯಾಷಿನಾನ್ 80 ಎಂಎಂ, ಎಫ್ 3.5. ಲೆನ್ಸ್ ಪೂರ್ತಿ ತೆರೆದು ತೆಗೆದರೆ ಅಂಚು ಮೆತ್ತಗೆ, ಎಫ್ 8ಕ್ಕೆ ಕ್ಷೌರದ ಕತ್ತಿ.

ಕುಡ್ಲದ ಕಡಲು

ಎಫ್ 3.5 ಅಂದ್ರೆ ಚೌಕಿಗೆ ಕಷ್ಟ ಆಗುದಿಲ್ವಾ ಸರ್? ಅವರೇ 2.8ರಲ್ಲಿ 1/15 ಅಂತಾರೆ.

ಹನ್ನೆರಡನೇ ಫ್ರೇಮು

ಈ ಪ್ರಶ್ನೆಗೇ ಕಾಯುತ್ತಿದ್ದೆ. ಮಾಮಿಯಾ ಸಿ220 ನೋಡಿ, ದುಡ್ಡು ಹೊಂದಿದರೆ ಸಿ330. ಇವೂ ಟಿಎಲ್‌ಆರ್, ಆದರೆ ಲೆನ್ಸ್ ಬದಲಿಸಬಹುದು, ಮೇಲಿನದು ಕೆಳಗಿನದು ಜೋಡಿಯಾಗಿಯೇ ಬಿಚ್ಚಿಕೊಳ್ಳುತ್ತದೆ. 55ರಿಂದ 250ರವರೆಗೆ ಇವೆ. 80 ಎಂಎಂ ಎಫ್ 2.8. ಯಾಷಿಕಾಕ್ಕಿಂತ ಅರ್ಧ ಸ್ಟಾಪಿಗೂ ಸ್ವಲ್ಪ ಹೆಚ್ಚು ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ಬೆಲ್ಲೋಸ್ ಇರುವುದರಿಂದ ಯಾಷಿಕಾಕ್ಕಿಂತ ಬಹಳ ಹತ್ತಿರ ಹೋಗಬಹುದು, ಚುಟ್ಟಿಯ ಮುಳ್ಳು ಬೇಕು ಅಂದಿರಲ್ಲ.

ಸಿ330ರಲ್ಲಿ ಹಿಡಿಕೆ ತಿರುಗಿಸಿದರೆ ಫಿಲ್ಮೂ ಮುಂದೆ ಹೋಗುತ್ತದೆ, ಶಟರೂ ತಯಾರಾಗುತ್ತದೆ. ಸಿ220ರಲ್ಲಿ ಶಟರನ್ನು ಬೇರೆಯಾಗಿ ಬೆರಳಲ್ಲಿ ಎಳೆಯಬೇಕು. ಒಂದು ವಾರ ಮರೆಯುತ್ತೀರಿ, ಆಮೇಲೆ ಕೈಗೆ ಬರುತ್ತದೆ. ಅದೇ ಕಾರಣಕ್ಕೆ ಅಗ್ಗ, ಕೆಡುವುದಕ್ಕೂ ಒಳಗೆ ಕಡಿಮೆ ಭಾಗ.

ದೋಷವನ್ನೂ ಹೇಳುತ್ತೇನೆ. ತೂಕ ಒಂದೂವರೆ ಕೆಜಿ ಆಸುಪಾಸು. ಹತ್ತಿರ ಹೋದಷ್ಟೂ ನೀವು ನೋಡುವುದು ಒಂದು, ಫಿಲ್ಮು ನೋಡುವುದು ಇನ್ನೊಂದು. ಕೆಳಗಿನ ಲೆನ್ಸ್ ಕೆಳಗಿನಿಂದ ನೋಡುತ್ತದಲ್ಲ, ತಲೆಯ ತುದಿ ಹಾರಿಹೋಗುತ್ತದೆ. ಸಿ330ರಲ್ಲಿ ಮುಳ್ಳು ತೋರಿಸುತ್ತದೆ, ಸಿ220ರಲ್ಲಿ ನೀವೇ ನೆನಪಿಟ್ಟುಕೊಳ್ಳಬೇಕು. ಬೆಲ್ಲೋಸ್ ಹಿಗ್ಗಿದಷ್ಟೂ ಬೆಳಕು ಕಡಿಮೆಯಾಗುತ್ತದೆ. 80ರಲ್ಲಿ ಒಂದು ಮೀಟರ್ ದೂರಕ್ಕೆ ಲೆಕ್ಕಕ್ಕೆ ತಗೊಳ್ಳುವಂಥದ್ದಲ್ಲ, 135 ಹಾಕಿ ಅಷ್ಟೇ ದೂರಕ್ಕೆ ಹೋದರೆ ಅರ್ಧ ಸ್ಟಾಪಿನ ಹತ್ತಿರ ಹೆಚ್ಚು ಕೊಡಬೇಕು.

ದೂರದೂರು (ಟೋಕಿಯೋ)

ಕನ್ನಡದಲ್ಲಿ ಇಂಥ ಚರ್ಚೆ ನೋಡಿ ನಿದ್ದೆಗೆಟ್ಟು ಬರೆಯುತ್ತಿದ್ದೇನೆ. ಇಲ್ಲಿ ಶಿಂಜುಕು, ನಕಾನೋ ಕಡೆಯ ಹಳೇ ಕ್ಯಾಮೆರಾ ಅಂಗಡಿಗಳಲ್ಲಿ ನೀವು ಹೆಸರಿಸಿದವೆಲ್ಲ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿವೆ. ಆನ್‌ಲೈನಿನಲ್ಲಿ ಜಪಾನಿನಿಂದ ತರಿಸುವವರಿಗೆ ಒಂದೆರಡು ಮಾತು. "ಬಹಳ ಚೆನ್ನಾಗಿದೆ" ಅಂತ ಮೇಲೆ ಬರೆದು ಕೆಳಗೆ ಸಣ್ಣಕ್ಷರದಲ್ಲಿ "ಸ್ವಲ್ಪ ಮಂಜು, ಸ್ವಲ್ಪ ಬೂಷ್ಟು, ಚಿತ್ರಕ್ಕೆ ತೊಂದರೆಯಿಲ್ಲ" ಅಂತಿರುತ್ತದೆ. ಕೆಳಗಿನದನ್ನೇ ಮೊದಲು ಓದಿ. "ಪರೀಕ್ಷಿಸಿಲ್ಲ" ಅಂದರೆ ಪರೀಕ್ಷಿಸಿದ್ದಾರೆ, ಕೆಲಸ ಮಾಡಿಲ್ಲ ಅಂತ ಅರ್ಥ. ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್ ಅವರ ಕಮಿಷನ್ ಸೇರಿಸಿದ ಮೇಲೆ ಬರುವ ಮೊತ್ತವನ್ನು ಆರ್ಡರ್ ಹಾಕುವ ಮುನ್ನವೇ ಕೇಳಿಕೊಳ್ಳಿ. ಸಾಮಾನು ಬಾಗಿಲಿಗೆ ಬಂದಾಗ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಅಡಿಕೆಹಾಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಓದಿದೆ, ನಿದ್ದೆಯಲ್ಲೂ ಬೆಲ್ಲೋಸ್. ಇವತ್ತು ಬೇರೆ ಕೆಲಸಕ್ಕೆ ಪೇಟೆಗೆ ಹೋದವನು ಸುಮ್ಮನೆ ಹಳೇ ಸ್ಟುಡಿಯೋ ಒಂದರಲ್ಲಿ ವಿಚಾರಿಸಿದೆ. ಯಜಮಾನರು ಈಗ ಜೆರಾಕ್ಸ್, ಲ್ಯಾಮಿನೇಶನ್ ಮಾಡುತ್ತಾರೆ. ಒಳಗೆ ಹೋಗಿ ಕಪ್ಪು ರೆಕ್ಸಿನ್ ಪೆಟ್ಟಿಗೆ ತಂದು ಟೇಬಲ್ ಮೇಲಿಟ್ಟರು. ಮಾಮಿಯಾ ಸಿ220, 80 ಎಂಎಂ, ಕಪ್ಪು ಬಣ್ಣದ ಲೆನ್ಸು! 22 ಸಾವಿರ ಅಂದಿದ್ದಾರೆ. ನಾಳೆ ಮತ್ತೆ ಹೋಗುತ್ತೇನೆ. ಏನೇನು ನೋಡಲಿ?

ಕೆಂಪುಬಲ್ಬು

ಮೊದಲು ಬಾಯಿ ಮುಚ್ಚಿಕೊಂಡು ನೋಡು, ಖುಷಿ ತೋರಿಸಬೇಡ.

ಕಪ್ಪು ಲೆನ್ಸು ಆದದ್ದು ಒಳ್ಳೆಯದು. ಹಳೇ ಬೆಳ್ಳಿ ಬಣ್ಣದವುಗಳ ಶಟರಿಗೆ ಬಿಡಿಭಾಗ ಸಿಗುವುದು ಕಷ್ಟ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತು, ಕಿವಿ ಹತ್ತಿರ ಹಿಡಿದುಕೋ. ಗಡಿಯಾರದ ಹಲ್ಲಿನ ಸದ್ದು ಒಂದೇ ಸಮ ಬಂದು ನಿಲ್ಲಬೇಕು. ನಡುವೆ ತೊದಲಿದರೆ, ಕೊನೆಯಲ್ಲಿ ಏದುಸಿರು ಬಿಟ್ಟರೆ, ಒಳಗಿನ ಎಣ್ಣೆ ಗಟ್ಟಿಯಾಗಿದೆ. ಅದು ಸರ್ವಿಸಿಗೆ ಸರಿಹೋಗುತ್ತದೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸು. 1/2, 1/4 ಎಲ್ಲ ಕೇಳು. ನಿನಗೆ ಬೇಕಾದ್ದು 1/15, 1/30, ಅವನ್ನು ಹತ್ತು ಸಲ ಒತ್ತು. ಸೆಲ್ಫ್ ಟೈಮರ್ ಇರುವ ಹಳೇ ಕ್ಯಾಮೆರಾ ಯಾವುದೇ ಸಿಗಲಿ, ಅದನ್ನು ಮಾತ್ರ ಮುಟ್ಟಬೇಡ. ಅಲ್ಲೇ ಸಿಕ್ಕಿಕೊಂಡರೆ ನೀನೇ ಕೆಡಿಸಿದೆ ಅಂತಾರೆ.

ಆಮೇಲೆ ಬಿ ಗೆ ಇಟ್ಟು ಶಟರ್ ತೆರೆದು ಹಿಡಿ, ಹಿಂದಿನಿಂದ ಟಾರ್ಚ್ ಬಿಡು, ಓರೆಯಾಗಿ ನೋಡು. ಧೂಳು ಇದ್ದೇ ಇರುತ್ತದೆ, ಹೆದರಬೇಡ. ಜೇಡರ ಬಲೆ ಥರ ಎಳೆ ಹಬ್ಬಿದ್ದರೆ ಬೂಷ್ಟು.

ಬೋರ್‌ವೆಲ್ ನೀರು

ಬೆಲ್ಲೋಸ್ ಮರೆಯಬೇಡಿ. ಕತ್ತಲೆ ಕೋಣೆ ಕೇಳಿ, ಬಚ್ಚಲಾದರೂ ಸರಿ. ಹಿಂಬಾಗಿಲು ತೆಗೆದು ಒಳಗೆ ಮೊಬೈಲ್ ಟಾರ್ಚ್ ಹಿಡಿದು, ಬೆಲ್ಲೋಸ್ ಪೂರ್ತಿ ಮುಂದೆ ಬಿಟ್ಟು, ಮಡಿಕೆಯ ಮೂಲೆಗಳನ್ನು ಒಂದೊಂದಾಗಿ ನೋಡಿ. ತೂತಿದ್ದರೆ ನಕ್ಷತ್ರದ ಹಾಗೆ ಕಾಣುತ್ತದೆ. ಹಿಂಬಾಗಿಲಿನ ಸ್ಪಂಜು ಅಂಟಂಟಾಗಿದ್ದರೆ ಚಿಂತೆ ಬೇಡ, ಸ್ಪಿರಿಟ್ ಹಾಕಿ ಕೆರೆದು ಹೊಸದು ಅಂಟಿಸಬಹುದು, ಒಂದು ಮಧ್ಯಾಹ್ನದ ಕೆಲಸ.

ಒಳಗೆ ಫಿಲ್ಮನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ 120ಕ್ಕೆ ಇದೆಯಾ ನೋಡಿ. ಇದರ ಎರಡು ಪಟ್ಟು ಉದ್ದದ 220 ರೋಲು ಬರುತ್ತಿದ್ದ ಕಾಲದಲ್ಲಿ ಯಾರೋ ತಿರುಗಿಸಿ ಬಿಟ್ಟಿದ್ದರೆ ಹಾಗೇ ಇರುತ್ತದೆ.

ಕುಡ್ಲದ ಕಡಲು

ಬೂಷ್ಟು ಕಂಡ್ರೆ ವಾಪಸ್ ಬನ್ನಿ. ನಾನು ಒಮ್ಮೆ "ಸ್ವಲ್ಪವೇ ಅಲ್ವಾ" ಅಂತ ಒಂದು ಲೆನ್ಸ್ ತಂದು ಕಪಾಟಿನಲ್ಲಿ ಇಟ್ಟೆ. ಆ ವರ್ಷದ ಆಟಿ ತಿಂಗಳ ಮಳೆ ಮುಗಿಯುವಾಗ ಅದರ ಪಕ್ಕದ ಎರಡು ಲೆನ್ಸಿಗೂ ಹಿಡಿದಿತ್ತು. ಒಂದರದ್ದು ಒರೆಸಿದ ಮೇಲೂ ಗಾಜಿನಲ್ಲಿ ಬೇರು ಕೊರೆದ ಗುರುತು ಹೋಗ್ಲಿಲ್ಲ. ಶಿರಸಿ ಮಳೆ ನಮ್ಮದಕ್ಕಿಂತ ಏನೂ ಕಮ್ಮಿ ಇಲ್ಲ.

ಅಡಿಕೆಹಾಳೆ

ಹೋಗಿ ಬಂದೆ.

ಶಟರ್: ಒಂದು ಸೆಕೆಂಡು ಒಂದೂಕಾಲು ಆಗುತ್ತಿದೆ, 1/15ರಿಂದ ಮೇಲೆ ಸರಿ ಅನ್ನಿಸಿತು. ಬೆಲ್ಲೋಸ್ ಗಟ್ಟಿ. ಕೆಳಗಿನ ಲೆನ್ಸ್ ಸ್ವಚ್ಛ. ಮೇಲಿನ, ನೋಡುವ ಲೆನ್ಸಿನ ಅಂಚಿನಲ್ಲಿ ಬೂಷ್ಟು ಇದೆ, ಕರಿಬೇವಿನ ಎಲೆಯಷ್ಟು. ಕುಡ್ಲದವರ ಮಾತು ನೆನಪಾಗಿ ಎದ್ದು ಬರೋಣ ಅಂದುಕೊಂಡೆ. ಯಜಮಾನರು ಕಾಫಿ ತರಿಸಿದರು. ಕಾಫಿ ಮುಗಿಯುವ ಹೊತ್ತಿಗೆ 18,000ಕ್ಕೆ ಇಳಿದಿತ್ತು, ಜೊತೆಗೆ ಅಟ್ಟದ ಮೇಲಿರುವ 6x6ರ ಎನ್‌ಲಾರ್ಜರ್ ಹೊತ್ತುಕೊಂಡು ಹೋಗುವುದಾದರೆ ಹೋಗು ಅಂದರು. ಅದರ 75 ಎಂಎಂ ಲೆನ್ಸು ಮಾತ್ರ ಪೂರ್ತಿ ಬಿಳಿ, ಒಳಗೆ ಅಣಬೆ ತೋಟ.

ತಗೊಂಡೆ. ತಪ್ಪಾಯಿತಾ?

ಹನ್ನೆರಡನೇ ಫ್ರೇಮು

ಎನ್‌ಲಾರ್ಜರ್ ಸಮೇತ 18ಕ್ಕಾ! ನಿಮಗೆ ಕಾಫಿ ಕೊಟ್ಟವರ ವಿಳಾಸ ಕೇಳುವುದಿಲ್ಲ, ಆಮೇಲೆ ನಾವೆಲ್ಲ ಬಸ್ ಹತ್ತುತ್ತೇವೆ.

ಕುಡ್ಲದ ಕಡಲು

ನೋಡುವ ಲೆನ್ಸಿನದ್ದು ಚಿತ್ರಕ್ಕೆ ಬರುದಿಲ್ಲ, ಆ ಲೆಕ್ಕದಲ್ಲಿ ಬಚಾವ್. ಆದ್ರೆ ಇವತ್ತೇ ಬಿಚ್ಚಿ ಒರೆಸ್ಲಿಕ್ಕೆ ಕೊಡಿ. ನಿಕಾನ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡ್ಲೇಬೇಡಿ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ವಾರಕ್ಕೊಮ್ಮೆ ಬಿಸಿಲು ಬಂದಾಗ ಹೊರಗೆ. ಚರ್ಮದ ಚೀಲದಲ್ಲಿ ಇಡುದು ಬೇಡ, ಬೂಷ್ಟಿಗೆ ಅದೇ ತವರುಮನೆ.

ಬೋರ್‌ವೆಲ್ ನೀರು

ಎನ್‌ಲಾರ್ಜರ್ ಲೆನ್ಸ್ ನನ್ನ ಹತ್ತಿರ ಒಂದು 80 ಹೆಚ್ಚಿಗೆ ಇದೆ, 39 ಎಂಎಂ ಸ್ಕ್ರೂ. ನಿಮ್ಮದರ ಬೋರ್ಡಿಗೆ ಕೂರುತ್ತದಾ ಅಳೆದು ಹೇಳಿ, ಕಳಿಸುತ್ತೇನೆ. ದುಡ್ಡು ಬೇಡ, ಒಂದು ಪ್ರಿಂಟ್ ಕಳಿಸಿ.

ತೊಳೆಯುವಾಗ ಒಂದು ವಿಷಯ. ಪುಸ್ತಕದಲ್ಲಿ 20 ಡಿಗ್ರಿ ಅಂತಿರುತ್ತದೆ, ನಮ್ಮ ನಲ್ಲಿಯಲ್ಲಿ 20 ಡಿಗ್ರಿ ನೀರು ಬರುವುದು ಡಿಸೆಂಬರಲ್ಲೇ. ಎಚ್‌ಪಿ5ಗೆ ಡಿ-76 ಡೆವಲಪರನ್ನು ನೀರಿಗೆ ಒಂದಕ್ಕೆ ಒಂದು ಬೆರೆಸಿದರೆ 20 ಡಿಗ್ರಿಗೆ 11 ನಿಮಿಷ. 24 ಡಿಗ್ರಿಯಾದರೆ ಸುಮಾರು 8 ನಿಮಿಷಕ್ಕೆ ಇಳಿಸಿ. ಕೊನೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು. ನಮ್ಮ ಬೋರ್‌ವೆಲ್ ನೀರಿನ ಉಪ್ಪಿನ ಕಲೆ ನೆಗೆಟಿವ್ ಮೇಲೆ ಕೂತರೆ ಏನಾಗುತ್ತದೆ ಅಂತ ನನ್ನ ಹೆಸರೇ ಹೇಳುತ್ತದೆ.

ಧಾರವಾಡ ಮಳಿ

ಖರ್ಚಿನ ಲೆಕ್ಕ ಹೇಳ್ರಿ ಅಡಿಕೆಹಾಳೆ ಅವರ, ನನಗೂ ಈಗ ಹುಳಾ ಬಿಟ್ಟೀರಿ.

ಅಡಿಕೆಹಾಳೆ

ಕ್ಯಾಮೆರಾ 18,000. ಲೆನ್ಸ್ ಬಿಚ್ಚಿ ಬೂಷ್ಟು ತೆಗೆದು, ಶಟರ್‌ಗೆ ಎಣ್ಣೆ ಬದಲಿಸಲು 3,500. ಎಚ್‌ಪಿ5 ಹತ್ತು ರೋಲು, ಕೊರಿಯರ್ ಸೇರಿ 10,400. ಹಳೇ ಟ್ಯಾಂಕಿನ ಸುರುಳಿಯನ್ನೇ ಅಗಲ ಮಾಡಿಕೊಂಡೆ, ಅದಕ್ಕೆ ಖರ್ಚಿಲ್ಲ. ಒಟ್ಟು 31,900. ಉಳಿದ ಹದಿಮೂರು ಸಾವಿರ ಮುಟ್ಟಿಲ್ಲ. 135 ಲೆನ್ಸ್ ಆಸೆ ಇದೆ, ಈಗಲೇ ಅಲ್ಲ.

ಅಡಿಕೆಹಾಳೆ

ಮೂರು ವಾರವಾಯಿತು. ಮೊದಲ ರೋಲಿನ ವರದಿ.

ರೋಲು ಹಾಕುವಾಗಲೇ ಪರೀಕ್ಷೆ. ಮನೆಯಲ್ಲಿ ಹಳೇ ಬ್ಯಾಕಿಂಗ್ ಪೇಪರ್ ಇಟ್ಟುಕೊಂಡು ಹತ್ತು ಸಲ ಅಭ್ಯಾಸ ಮಾಡಿದ್ದೆ: ಕಾಗದದ ತುದಿಯನ್ನು ಖಾಲಿ ಸ್ಪೂಲಿನ ಸೀಳಿಗೆ ತೂರಿಸು, ಬಿಗಿಯಾಗಿ ಸುತ್ತು, ಬಾಣದ ಗುರುತು ಒಳಗಿನ ಚುಕ್ಕೆಗೆ ಸರಿಯಾಗಿ ಬರುವವರೆಗೆ ತಿರುಗಿಸು, ಮುಚ್ಚು. ಚೌಕಿಯ ಮಬ್ಬಿನಲ್ಲಿ ಕೈ ನಡುಗಿ ಬಾಣ ಸ್ವಲ್ಪ ದಾಟಿತು. ವೇಷಧಾರಿಯೊಬ್ಬರು ಹಣೆಗೆ ಬಣ್ಣ ಎಳೆಯುತ್ತಲೇ ಕನ್ನಡಿಯಲ್ಲಿ ನನ್ನನ್ನು ನೋಡಿ "ನಿಂಗೂ ವೇಷ ಕಟ್ಟೂಕೆ ಇಷ್ಟ್ ಹೊತ್ತು ಬೇಕೇನೋ" ಅಂದರು.

ಕೆಂಪುಬಲ್ಬು ಸರ್ ಹೇಳಿದ್ದು ನಿಜ. ತಲೆ ತಗ್ಗಿಸಿದ ಕೂಡಲೇ ನಾನು ಅಲ್ಲಿ ಇಲ್ಲದ ಹಾಗೆ ಆದೆ. ಗಾಜಿನ ಮೇಲೆ ಎಡ ಬಲ ತಿರುಗಿ ಕಾಣುವುದರಿಂದ ಮೊದಲ ಅರ್ಧ ಗಂಟೆ ಬಲಕ್ಕೆ ತಿರುಗಬೇಕಾದಾಗ ಎಡಕ್ಕೆ ತಿರುಗುತ್ತಿದ್ದೆ. ಎರಡು ಸಲ ಶಟರ್ ಎಳೆಯಲು ಮರೆತೆ. 1/15ರಲ್ಲಿ ತೆಗೆದ ಐದರಲ್ಲಿ ನಾಲ್ಕು ಅಲ್ಲಾಡಿಲ್ಲ.

ಮನೆಗೆ ಬಂದು ತೊಳೆದು ನೇತುಹಾಕಿದೆ. 12 ಚೌಕ. ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದಾಗಲೇ ಎಳೆದ ಹುಬ್ಬಿನ ಕುಂಚದ ಎಳೆ ಕಾಣುತ್ತಿತ್ತು, ಬರಿಗಣ್ಣಿಗೆ. ಆಮೇಲೆ ನೋಡುತ್ತೇನೆ, ಹತ್ತಿರದಿಂದ ತೆಗೆದ ನಾಲ್ಕರಲ್ಲಿ ಮೂರರ ಕಿರೀಟದ ತುದಿ ಇಲ್ಲ! ನೋಡುವಾಗ ಇತ್ತು, ಫಿಲ್ಮಿನಲ್ಲಿಲ್ಲ.

ಹನ್ನೆರಡನೇ ಫ್ರೇಮು

ಹೇಳಿದ್ದೆನಲ್ಲ!

ಅಡಿಕೆಹಾಳೆ

ಹೇಳಿದ್ದಿರಿ. ಓದಿದ್ದೆ. ಕಿರೀಟ ಎದುರಿಗೆ ಬಂದಾಗ ಯಾರಿಗೆ ನೆನಪಿರುತ್ತದೆ.

ಕೆಂಪುಬಲ್ಬು

ಕಿರೀಟ ಹಾರಿಸಿದ್ದು ನೀನೇ ಮೊದಲಲ್ಲ. ಒಂದು ಮದುವೆಯಲ್ಲಿ ವರನ ಬಾಸಿಂಗ ಹಾರಿಸಿ ಬೈಸಿಕೊಂಡಿದ್ದೇನೆ. ಟ್ರೈಪಾಡ್ ಇದ್ದಾಗ ಹೀಗೆ ಮಾಡು: ಎರಡು ಲೆನ್ಸಿನ ನಡು-ನಡುವಿನ ಅಂತರ ಅಳೆದುಕೋ. ನೋಡಿ ಚೌಕಟ್ಟು ಕಟ್ಟಿದ ಮೇಲೆ ನಡುಗಂಬವನ್ನು ಅಷ್ಟೇ ಎತ್ತರಿಸು, ಆಮೇಲೆ ಒತ್ತು. ಈಗ ಕೆಳಗಿನ ಕಣ್ಣು ಮೇಲಿನ ಕಣ್ಣಿದ್ದ ಜಾಗಕ್ಕೆ ಬಂತು. ಮಾಮಿಯಾದವರು ಇದಕ್ಕೆಂದೇ ಪ್ಯಾರಾಮೆಂಡರ್ ಅಂತ ಒಂದು ಸಾಮಾನು ಮಾಡಿದ್ದರು, ನೀನು ಅದನ್ನು ಹುಡುಕಿಕೊಂಡು ಹೋಗಬೇಡ, ಹದಿಮೂರು ಸಾವಿರ ಹಾಗೇ ಇರಲಿ. ಕೈಯಲ್ಲಿ ಹಿಡಿದಾಗ ಗಾಜಿನ ಮೇಲಂಚಿನಲ್ಲಿ ಎರಡು ಬೆರಳು ಖಾಲಿ ಬಿಡು.

ಅಡಿಕೆಹಾಳೆ

ಸ್ಕೇಲ್ ಹಿಡಿದು ಅಳೆದೆ ಸರ್, 5 ಸೆಂಟಿಮೀಟರ್. ಟ್ರೈಪಾಡಿನ ನಡುಗಂಬಕ್ಕೆ ಅಷ್ಟಕ್ಕೊಂದು ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಅಕ್ಕ ಕಳಿಸಿದ ಲೆನ್ಸೂ ಬಂತು, ಬೋರ್ಡಿಗೆ ಕೂತಿತು. ಕಿರೀಟ ಉಳಿದ ಆ ಒಂದು ನೆಗೆಟಿವನ್ನು 16 ಇಂಚಿಗೆ ಹಾಕಿ ನೋಡಿದೆ. ರವೆ ಇಲ್ಲ. ಗಲ್ಲದ ಮೇಲೆ ಬೆವರಿನ ಹನಿಯೊಂದು ಬಣ್ಣವನ್ನು ಸೀಳಿಕೊಂಡು ಇಳಿದಿದೆ, ತೆಗೆಯುವಾಗ ನನಗೂ ಕಂಡಿರಲಿಲ್ಲ.

ಬೋರ್‌ವೆಲ್ ನೀರು

ಅದೇ ಪ್ರಿಂಟ್ ನನಗೆ ಬೇಕು. ಬೇರೆಯದು ಕಳಿಸಿದರೆ ಲೆನ್ಸ್ ವಾಪಸ್.

ಧಾರವಾಡ ಮಳಿ

ನಮ್ಮ ಸೋದರಮಾವನ ಮನ್ಯಾಗ ಒಂದ ಯಾಷಿಕಾ ಸಿಕ್ಕೇತ್ರಿ, ಟ್ರಂಕಿನ ತಳದಾಗ. ಹಿಡಿಕಿ ತಿರಗವಲ್ದು, ಶಟರ್ ಒತ್ತಿದ್ರ ಸಪ್ಪಳನ ಇಲ್ಲ. ಕೆಂಪುಬಲ್ಬು ಅವರ, ಎಲ್ಲಿಂದ ಚಾಲೂ ಮಾಡ್ಲಿ?

ಕೆಂಪುಬಲ್ಬು

ಜೋರು ಮಾಡಿ ತಿರುಗಿಸಬೇಡಿ ಸ್ವಾಮಿ. ಮೊದಲು ಹಿಂಬಾಗಿಲು ತೆಗೆಯುವ ಮುಂಚೆ ಒಳಗೆ ರೋಲು ಇದೆಯಾ ನೋಡಿ. ಇದ್ದರೆ ಕತ್ತಲಲ್ಲೇ ತೆಗೆಯಿರಿ, ನಿಮ್ಮ ಮಾವನವರ ಮದುವೆಯೇ ಅದರೊಳಗಿರಬಹುದು.